ಎಂಡ್ ಕ್ರೆಡಿಟ್ಸ್ ಮುಗಿಯೋವರೆಗೂ ಥಿಯೇಟರ್‌ನಲ್ಲಿ ಕೂತಿರ್ಬೇಕಾ?

ಪ್ರಶ್ನೆ: ಸಿನಿಮಾ ಮುಗೀತಿದ್ದ ಹಾಗೇ ನಮ್ಮನೆಯವ್ರು ಎದ್ದು ಬಾಗಿಲ ಕಡೆ ಹೊರಟುಬಿಡ್ತಾರೆ. ನಂಗೆ ಹೆಸರುಗಳೆಲ್ಲಾ ಬಂದು ಮುಗೀಲಿ ಅನ್ಸುತ್ತೆ. ಕೊನೇವರೆಗೂ ಕೂತ್ರೆ ನಿಜವಾಗ್ಲೂ ಏನಾದ್ರೂ ಸಿಗುತ್ತಾ, ಇಲ್ಲಾ ಸುಮ್ನೆ ಟೈಮ್ ವೇಸ್ಟಾ?

ಕೂತಿರಿ ಅಂತಾನೇ ನನ್ನ ಉತ್ತರ, ಹೆಸರುಗಳ ಮಧ್ಯೆನೋ ಆಮೇಲೋ ಬರೋ ಎಕ್ಸ್‌ಟ್ರಾ ಸೀನ್ ಇದ್ರೂ ಸರಿ, ಇಲ್ದೇ ಇದ್ರೂ ಸರಿ.

ಮೊದ್ಲು ಆ ಸೀನ್ ವಿಷ್ಯ ಮುಗಿಸಿಬಿಡೋಣ, ಯಾಕಂದ್ರೆ ಮುಕ್ಕಾಲು ಜನ ಕಾಯೋದೇ ಅದಕ್ಕೆ. 2008ರ ಐರನ್ ಮ್ಯಾನ್‌ನಲ್ಲಿ ಹೆಸರೆಲ್ಲಾ ಮುಗಿದ್ಮೇಲೆ ನಿಕ್ ಫ್ಯೂರಿ ಅನ್ನೋ ಹೊಸ ಪಾತ್ರ ಬಂದು ನಿಂತ್ಕೊಳ್ತು ನೋಡಿ, ಕಾಯೋ ಅಭ್ಯಾಸ ಜೋರಾಗಿ ಹತ್ಕೊಂಡಿದ್ದು ಅಲ್ಲಿಂದ. ಹಾಗಂತ ಅದೇ ಮೊದಲೇನಲ್ಲ, 1986ರಲ್ಲೇ ಫೆರಿಸ್ ಬ್ಯೂಲರ್ಸ್ ಡೇ ಆಫ್ ಸಿನಿಮಾದ ಹುಡುಗ ಬಾತ್‌ರೋಬ್ ಹಾಕ್ಕೊಂಡು ಬಂದು, ಸೀಟಲ್ಲಿ ಕೂತವರನ್ನೇ ನೋಡಿ ಇನ್ನೂ ಇಲ್ಲೇ ಇದೀರಾ, ಮನೆಗೆ ಹೊರಡಿ ಅಂತ ಹೇಳಿ ಹೋಗಿದ್ದ.

ಈಗಿನ ದೊಡ್ಡ ಸಿನಿಮಾಗಳಲ್ಲಿ ಕ್ರೆಡಿಟ್ಸ್ ಹೆಚ್ಚಾಗಿ ಎರಡು ಭಾಗ ಇರುತ್ತೆ. ಡೈರೆಕ್ಟರ್ರು, ನಟರು, ಕ್ಯಾಮರಾದವ್ರು, ಎಡಿಟರ್ರು ಇವರ ಹೆಸರು ಡಿಸೈನ್ ಜೊತೆ ಒಂದೊಂದಾಗಿ ಬಂದುಹೋಗುತ್ತೆ, ಆಮೇಲೆ ಕಪ್ಪು ಸ್ಕ್ರೀನ್ ಮೇಲೆ ಸಣ್ಣಕ್ಷರದ ಪಟ್ಟಿ ಕೆಳಗಿಂದ ಮೇಲಕ್ಕೆ ಉರುಳೋಕೆ ಶುರು ಆಗುತ್ತೆ. ಮಿಡ್ ಕ್ರೆಡಿಟ್ ಸೀನ್ ಅಂತಾರಲ್ಲ, ಅದು ಸಾಮಾನ್ಯವಾಗಿ ಇವೆರಡರ ಮಧ್ಯ. ಇನ್ನೊಂದು ಇದ್ರೆ ಎಲ್ಲಾ ಮುಗಿದು ಕೊನೆಗೆ. ಹಾಗಾಗಿ ಬಾತ್‌ರೂಮಿಗೆ ಅರ್ಜೆಂಟಾದ್ರೆ ಪಟ್ಟಿ ಉರುಳೋಕೆ ಶುರುವಾದಾಗ ಓಡಿಹೋಗಿ ಬನ್ನಿ, ಟೈಮ್ ಇರುತ್ತೆ. 2019ರ ಅವೆಂಜರ್ಸ್ ಎಂಡ್‌ಗೇಮ್ ಬಂದಾಗ ಕೊನೇಲಿ ಸೀನೇ ಇರ್ಲಿಲ್ಲ, ಬರೀ ಕಬ್ಬಿಣಕ್ಕೆ ಸುತ್ತಿಗೆ ಬಡಿಯೋ ಸದ್ದು. ಮೊದಲ ಐರನ್ ಮ್ಯಾನ್‌ನಲ್ಲಿ ಎಂಡ್‌ಗೇಮ್‌ನಲ್ಲಿ ಸಾಯೋ ಅದೇ ಹೀರೋ ಗುಹೆಯೊಳಗೆ ಕೂತು ಕವಚ ಮಾಡಿದ್ದು ನೆನಪಿದ್ದವರಿಗೆ ಅಷ್ಟೇ ಸಾಕಿತ್ತು ಕಣ್ಣು ತುಂಬೋಕೆ.

ಆದ್ರೆ ನಾನು ಕೂರೋದು ಹೆಸರುಗಳಿಗೆ. ಹಿಂದೆ ಮುಖ್ಯವಾದ ನಾಲ್ಕು ಜನರ ಹೆಸರು ಶುರುವಲ್ಲೇ ತೋರಿಸಿ, ಕೊನೇಲಿ ದಿ ಎಂಡ್ ಅಂತ ಹಾಕಿ ಮುಗಿಸ್ತಿದ್ರು, ಉಳಿದವರ ಹೆಸರು ಎಷ್ಟೋ ಸಲ ಎಲ್ಲೂ ಬರ್ತಾನೇ ಇರ್ಲಿಲ್ಲ. ಈಗ ಗ್ಯಾಫರ್ ಹೆಸರೂ ಬರುತ್ತೆ, ಅಂದ್ರೆ ಲೈಟಿಂಗ್ ಟೀಮಿನ ಮುಖ್ಯಸ್ಥ. ಫೋಲಿ ಆರ್ಟಿಸ್ಟ್ ಹೆಸರೂ ಬರುತ್ತೆ, ಇವರು ಸ್ಕ್ರೀನ್ ನೋಡ್ತಾ ನೋಡ್ತಾ ಬೇರೆ ಬೇರೆ ಶೂ ಹಾಕ್ಕೊಂಡು ಪಾತ್ರಗಳ ಹೆಜ್ಜೆಗೆ ಸರಿಯಾಗಿ ನಡೆದು ಸದ್ದು ರೆಕಾರ್ಡ್ ಮಾಡಿಸೋರು, ಯೂನಿವರ್ಸಲ್ ಸ್ಟುಡಿಯೋದ ಜ್ಯಾಕ್ ಫೋಲಿ ಅನ್ನೋರಿಂದ ಬಂದ ಹೆಸರದು. 1995ರ ಟಾಯ್ ಸ್ಟೋರಿಯಲ್ಲಂತೂ ಸಿನಿಮಾ ತಯಾರಾಗ್ತಿದ್ದಾಗ ಟೀಮಿನವರ ಮನೇಲಿ ಹುಟ್ಟಿದ ಮಕ್ಕಳ ಹೆಸರನ್ನೂ ಹಾಕಿದ್ರು!

ನನ್ನ ಫ್ರೆಂಡ್ ಒಬ್ಬ ವಿಎಫ್‌ಎಕ್ಸ್‌ನಲ್ಲಿ, ಅಂದ್ರೆ ಸಿನಿಮಾದ ಕಂಪ್ಯೂಟರ್ ಎಫೆಕ್ಟ್ಸ್ ಕೆಲಸದಲ್ಲಿ, ರೋಟೋ ಮಾಡ್ತಾನೆ. ಶಾಟ್‌ನಲ್ಲಿರೋ ಮನುಷ್ಯನ ಅಂಚಿಗೆ ಗೆರೆ ಎಳೆದು ಹಿನ್ನೆಲೆಯಿಂದ ಬೇರೆ ಮಾಡೋ ಕೆಲಸ, ಸೆಕೆಂಡಿಗೆ 24 ಫ್ರೇಮು, ಗಾಳಿಗೆ ಹಾರೋ ಕೂದಲಿದ್ರಂತೂ ಕಥೆ ಮುಗೀತು. ಎಷ್ಟೋ ಸಿನಿಮಾಗಳಲ್ಲಿ ಈ ಕೆಲಸ ಮಾಡಿದ ಎಲ್ಲರ ಹೆಸರೂ ಹಾಕಲ್ಲ, ಅವನದ್ದು ಮೊದಲ ಸಲ ಬಂದಾಗ ಅವರಮ್ಮನ್ನ ಕರ್ಕೊಂಡು ಹೋಗಿದ್ವಿ. ನಾಲ್ಕು ಕಾಲಂನಲ್ಲಿ ಒತ್ತೊತ್ತಾಗಿ ಹೆಸರು, ಅಮ್ಮ ಕನ್ನಡಕ ಸರಿ ಮಾಡ್ಕೊಂಡು ಮುಂದಕ್ಕೆ ಬಗ್ಗಿ ಹುಡುಕ್ತಿದ್ರು, ಅಷ್ಟೊತ್ತಿಗೆ ಮುಂದಿನ ಸಾಲಿನವರೊಬ್ರು ಎದ್ದು ನಿಂತು ಬ್ಯಾಗ್ ಹೆಗಲಿಗೆ ಹಾಕ್ಕೊಳ್ಳೋಕೆ ಶುರು ಮಾಡಿದ್ರು. ಒಂದೆರಡು ಉಸಿರು ಎಳ್ಕೊಳ್ಳೋಷ್ಟು ಹೊತ್ತು ಇರುತ್ತೆ ಆ ಹೆಸರು, ಅಷ್ಟೇ. ಅವರು ಆ ಕಡೆ ಸರಿದಾಗ ಸ್ಕ್ರೀನ್ ಮೇಲೆ ಮ್ಯೂಸಿಕ್‌ನವರ ಪಟ್ಟಿ ನಡೀತಿತ್ತು. "ಹೋಯ್ತಾ ಅದು?" ಅಂತ ಅಮ್ಮ ಕೇಳಿದ್ದು ಇನ್ನೂ ನನ್ನ ಕಿವೀಲಿದೆ.

ಹಾಗಂತ ಮಗು ಅಳ್ತಿದ್ರೆ, ಬಸ್ ತಪ್ಪೋ ಹಾಗಿದ್ರೆ ಖಂಡಿತ ಎದ್ದುಹೋಗಿ, ಯಾರೂ ತಪ್ಪು ತಿಳ್ಕೊಳ್ಳಲ್ಲ, ಸ್ವಲ್ಪ ಬಗ್ಗಿ ನಡೀರಿ ಸಾಕು, ನಿಂತು ಮಾತಾಡೋದಿದ್ರೆ ಹೊರಗೆ ಹೋಗಿ ಮಾತಾಡಿ. ಕೊನೇಲಿ ಕಂಪ್ನಿಗಳ ಲೋಗೋ, ಕಾಪಿರೈಟ್ ಸಾಲು ಬಂದು ಸ್ಕ್ರೀನ್ ಖಾಲಿ ಆದ್ರೆ ಅಲ್ಲಿಗೆ ಮುಗೀತು, ಆಮೇಲೆ ಕೂರ್ಬೇಡಿ, ಬಾಗಿಲ ಹತ್ರ ಪೊರಕೆ ಹಿಡ್ಕೊಂಡು ನಿಂತವರು ಮುಂದಿನ ಶೋ ಒಳಗೆ ಅಷ್ಟೂ ಸಾಲು ಗುಡಿಸ್ಬೇಕು.

ಇನ್ನು ನಿಮ್ಮನೆಯವ್ರ ವಿಷ್ಯ. ಟಿಕೆಟ್ ಮಾಡುವಾಗ್ಲೇ ಸಾಲಿನ ತುದಿ ಸೀಟು ಅವರಿಗೆ ಕೊಡಿ, ಯಾರಿಗೂ ಅಡ್ಡ ಬರ್ದೇ ಹೋಗಿ ಹೊರಗೆ ನಿಂತಿರ್ಲಿ, ನೀವು ಪೂರ್ತಿ ನೋಡ್ಕೊಂಡೇ ಬನ್ನಿ.