ಅಂಗಡಿಯವ ಹಚ್ಚಿದ್ದಲ್ಲ

ಕಲಬುರಗಿಯ ಶರಣಬಸವೇಶ್ವರ ಜಾತ್ರೆಯಲ್ಲಿ ಶಂಖ, ಕವಡೆ ಹರವಿಕೊಂಡು ಕೂತಿದ್ದವನ ಹತ್ತಿರ ಆ ಚಿಪ್ಪು ಕಂಡಿತು. ಅಂಗೈಯಲ್ಲಿ ಹಿಡಿಸುವಷ್ಟು ಗಾತ್ರ, ಗುಡಾರದ ಆಕಾರ, ಮೈತುಂಬ ಬೇರೆ ಚಿಪ್ಪುಗಳು. "ಫೆವಿಕಾಲ್ ಹಾಕಿ ಹಚ್ಚೀರೇನು?" ಎಂದೆ. "ನಾ ಯಾಕ ಹಚ್ಚಲಿರಿ? ಅದರ ಹುಳಾನೇ ಹಚ್ಕೊಂಡದ." ನಂಬಲಿಲ್ಲ. ಆದರೂ ಕೊಂಡೆ.

ಅವನು ಹೇಳಿದ್ದೇ ಖರೆ. ಇದು ಝೀನೋಫೋರಾ ಎಂಬ ಕಡಲ ಬಸವನಹುಳು. 1807ರಲ್ಲಿ ಬಂದ ಈ ಗ್ರೀಕ್ ಹೆಸರಿಗೆ 'ಪರರದ್ದನ್ನು ಹೊತ್ತದ್ದು' ಎಂದು ಅರ್ಥ. ಸಮುದ್ರದ ತಳದಲ್ಲಿ ಸಿಕ್ಕ ತುಣುಕನ್ನು ಮೊದಲು ಉಜ್ಜಿ ಸ್ವಚ್ಛ ಮಾಡುತ್ತದೆ. ತನ್ನ ಚಿಪ್ಪಿನ ಅಂಚನ್ನೂ ಅಷ್ಟೇ. ಆಮೇಲೆ ತುಣುಕನ್ನು ಹೊರಳಿಸಿ ಕೂರಿಸಿ, ತನ್ನ ಮೈಯಿಂದ ಒಸರುವ ಅಂಟಿನಿಂದ ಬಿಗಿದು, ಅದು ಗಟ್ಟಿಯಾಗುವವರೆಗೆ ಗಂಟೆಗಟ್ಟಲೆ ಅಲುಗದೆ ಕೂರುತ್ತದೆ. ಕೆಲವು ಚಿಪ್ಪನ್ನೇ ಹೆಚ್ಚಾಗಿ ಹೊರುತ್ತವೆ, ಕೆಲವು ಕಲ್ಲನ್ನು. ಹಳೆಯ ಸಂಗ್ರಾಹಕರು ಮೊದಲಿನವಕ್ಕೆ ಚಿಪ್ಪುಶಾಸ್ತ್ರಜ್ಞ, ಎರಡನೆಯವಕ್ಕೆ ಖನಿಜಶಾಸ್ತ್ರಜ್ಞ ಎಂದು ಅಡ್ಡಹೆಸರಿಟ್ಟಿದ್ದರು. ನಮ್ಮ ಶಹಾಬಾದಿನ ಫರಸಿ ಕಲ್ಲಿನ ಗಣಿಯಲ್ಲಿ ಹುಟ್ಟಿದ್ದರೆ ಯಾವ ಹೆಸರು ಬರುತ್ತಿತ್ತೆಂದು ಬೇರೆ ಹೇಳಬೇಕಿಲ್ಲ.

ಮನೆಯಲ್ಲಿ ಭೂತಗನ್ನಡಿ ಹಿಡಿದು ನೋಡಿದೆ. ನೆತ್ತಿಯಲ್ಲಿ ಜೋಳದ ಕಾಳಿಗಿಂತ ಸಣ್ಣ ಚೂರುಗಳು. ಕೆಳಗಿಳಿದಂತೆ ದೊಡ್ಡದಾಗುತ್ತ, ಅಂಚಿನಲ್ಲಿ ಹೆಬ್ಬೆರಳಿನಷ್ಟು. ಚಿಪ್ಪು ಬೆಳೆಯುವುದೇ ಅಂಚಿನಲ್ಲಿ, ಹಾಗಾಗಿ ನೆತ್ತಿಯ ಮೇಲಿರುವುದು ಹುಳದ ಬಾಲ್ಯದ ದಿನಗಳ ಗಳಿಕೆ. ಕಪ್ಪೆಚಿಪ್ಪುಗಳಂತೂ ಒಂದೂ ಬಿಡದೆ ಬಟ್ಟಲಿಟ್ಟ ಹಾಗೆ ಒಳಮೈ ಮೇಲೆ ಮಾಡಿ ಕೂತಿವೆ. ಈ ಜಾತಿಯ ರೂಢಿಯೇ ಅದು.

ಇಷ್ಟೆಲ್ಲ ಹೊರೆ ಯಾಕೆ? ಮೀನು, ಏಡಿಗಳ ಕಣ್ಣಿಗೆ ಕಸದ ಗುಪ್ಪೆಯಂತೆ ಕಾಣಲಿ ಎಂಬುದು ಸುಲಭದ ಉತ್ತರ. ಆದರೆ ಸ್ವಂತ ಚಿಪ್ಪು ತೆಳು, ಹೊತ್ತದ್ದು ಅದಕ್ಕೆ ಬಲ ಕೊಡುತ್ತದೆ. ಅಂಚಿನಾಚೆ ಚಾಚಿದ ತುಣುಕುಗಳಿದ್ದರೆ ಮೆತ್ತನೆ ಕೆಸರಲ್ಲಿ ಹೂತುಹೋಗುವುದಿಲ್ಲ. ನನಗೆ ಈ ಕೊನೆಯದೇ ಹೆಚ್ಚು ಹಿಡಿಸಿತು. ನಡಿಗೆಯೂ ಬಸವನಹುಳುವಿನದಲ್ಲ: ಪಾದ ಊರಿ, ಚಿಪ್ಪೆತ್ತಿ, ಮುಂದಕ್ಕೆ ಧೊಪ್ಪೆಂದು ಒಗೆಯುತ್ತದೆ.

ಅಂಚಿನ ಒಂದು ತುಣುಕು ಬಸ್ಸಿನಲ್ಲೇ ಉದುರಿತ್ತು. ಆ ಜಾಗದಲ್ಲಿ ಅಂಗಡಿಯ ಗೋಂದಿನ ಕಲೆ ಹುಡುಕಿದೆ, ಇರಲಿಲ್ಲ. ತುಣುಕಿನ ಏರಿಳಿತಕ್ಕೆ ತಕ್ಕಂತೆ ಚಿಪ್ಪೇ ತಗ್ಗಾಗಿ ಬೆಳೆದಿತ್ತು. ಉದುರಿದ್ದನ್ನು ಇಟ್ಟು ನೋಡಿದೆ, ಸರಿಯಾಗಿ ಕೂತಿತು.