ಗುಂಡುಗಳ ರಾಶಿಯಲ್ಲಿ ವಿಕಿರಣದ ಪಾಲು ಎಷ್ಟು?

ಗುಂಡುಗಳನ್ನು (ಚೆಂಡಿನಾಕಾರದ ಉಂಡೆಗಳನ್ನು) ಒತ್ತಾಗಿ ತುಂಬಿದ ಪಾತ್ರೆಯನ್ನು ಒಂದು ಕಡೆಯಿಂದ ಕಾಯಿಸಿದರೆ ಶಾಖ ಮೂರು ದಾರಿಯಲ್ಲಿ ಸಾಗುತ್ತದೆ: ಗುಂಡುಗಳು ತಾಗುವ ಜಾಗದಿಂದ, ನಡುವಿನ ಅನಿಲದಿಂದ, ವಿಕಿರಣದಿಂದ (ಬಿಸಿ ಮೈ ಸೂಸುವ ಶಾಖಕಿರಣದಿಂದ). ಅಳತೆಯಲ್ಲಿ ಸಿಗುವುದು ಮಾತ್ರ ಮೂರೂ ಸೇರಿದ ಒಂದೇ ಸಂಖ್ಯೆ. ಪೇಚಾಟ ಶುರುವಾಗುವುದೇ ಅಲ್ಲಿಂದ.

ಗುಂಡಿನ ವ್ಯಾಸ, ಕೆಲ್ವಿನ್ ತಾಪಮಾನದ ಘನ, ಸ್ಟೀಫನ್-ಬೋಲ್ಟ್ಸ್‌ಮನ್ ಸ್ಥಿರಾಂಕ (ಬಿಸಿ ಮೈ ಎಷ್ಟು ವಿಕಿರಣ ಸೂಸುತ್ತದೆ ಎಂಬ ಲೆಕ್ಕದ ಸ್ಥಿರ ಸಂಖ್ಯೆ), ಜೊತೆಗೆ 4. ಇವನ್ನೆಲ್ಲ ಗುಣಿಸಿದರೆ ವಿಕಿರಣದ ವಾಹಕತೆಯ, ಅಂದರೆ ಅದು ಶಾಖ ಸಾಗಿಸುವ ಸಾಮರ್ಥ್ಯದ, ಅಂದಾಜು ಬರುತ್ತದೆ. ಇಂಧನವನ್ನು ಗುಂಡುಗಳಾಗಿ ರಾಶಿ ಹಾಕುವ ಪೆಬಲ್ ಬೆಡ್ ಪರಮಾಣು ರಿಯಾಕ್ಟರ್‌ನ 60 ಮಿ.ಮೀ. ಗುಂಡಿಗೆ 27 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇದು ಮೀಟರ್-ಕೆಲ್ವಿನ್‌ಗೆ ಸುಮಾರು 0.37 ವ್ಯಾಟ್. 1000 ಡಿಗ್ರಿಯಲ್ಲಿ ಸುಮಾರು 28. ಇದನ್ನು ಕೊನೆಗೆ 'ವಿನಿಮಯ ಅಂಶ'ದಿಂದ ಗುಣಿಸಬೇಕು. ಗೊತ್ತಿಲ್ಲದ್ದನ್ನೆಲ್ಲ ನಾವು ತುಂಬಿಡುವುದು ಆ ಅಂಶದೊಳಗೇ.

ಅದು ಬರೀ ಎಮಿಸಿವಿಟಿಯ (ಮೈ ಎಷ್ಟು ಚೆನ್ನಾಗಿ ವಿಕಿರಣ ಸೂಸುತ್ತದೆ ಎಂಬುದರ) ಆಟ ಅಂದುಕೊಳ್ಳುವವರು ಜಾಸ್ತಿ. ಗುಂಡಿನ ಒಳಗಿನ ವಾಹಕತೆಯೂ ಲೆಕ್ಕಕ್ಕೆ ಬರುತ್ತದೆ. ಗ್ರಾಫೈಟ್ ಗುಂಡು ಒಂದು ಮುಖದಲ್ಲಿ ಪಡೆದ ಶಾಖವನ್ನು ಬೇಗ ಇನ್ನೊಂದು ಮುಖಕ್ಕೆ ಮುಟ್ಟಿಸುತ್ತದೆ. ಶಾಖ ಸರಿಯಾಗಿ ಹರಿಯದ ವಸ್ತುವಾದರೆ ಬೆಂಕಿಯ ಕಡೆಯ ಮುಖ ಬಿಸಿ, ಆಚೆಯದು ತಣ್ಣಗೆ. ಆ ತಣ್ಣನೆಯ ಮುಖ ಮುಂದಿನ ಗುಂಡಿಗೆ ಏನು ತಾನೇ ಕೊಟ್ಟೀತು? ಎಮಿಸಿವಿಟಿ ಒಂದೇ ಆದರೂ ಫಲಿತಾಂಶ ಬೇರೆ.

ಪಾಲುಗಳನ್ನು ಬಿಡಿಸುವುದಕ್ಕೆ ನನಗೆ ಹೆಚ್ಚು ನಂಬಿಕೆ ನಿರ್ವಾತದ ಮೇಲೆ. ಅನಿಲ ತೆಗೆದರೆ ಉಳಿಯುವುದು ತಾಗುವಿಕೆ ಮತ್ತು ವಿಕಿರಣ. ತಾಪಮಾನ ಏರಿಸುತ್ತ ಹೋದಾಗ ಘನದಂತೆ ಬೆಳೆಯುವ ಭಾಗ ವಿಕಿರಣದ್ದು. ಅನಿಲ ಬದಲಿಸಿಯೂ ನೋಡಬಹುದು. ಜರ್ಮನಿಯ ಯೂಲಿಶ್‌ನ ಸಾನಾ ಎಂಬ, ಇಂಥದೇ ಗುಂಡುಗಳ ರಾಶಿಯ ಪ್ರಯೋಗದಲ್ಲಿ ಹೀಲಿಯಂ, ನೈಟ್ರೋಜನ್ ಎರಡನ್ನೂ ಬಳಸಿದ್ದರು. ಆದರೆ ಅನಿಲ ಇದ್ದಲ್ಲಿ ಅದರ ಹರಿವೂ ಬದಲಾಗುತ್ತದೆ, ಲೆಕ್ಕ ಮತ್ತೆ ಗೋಜಲಾಗುತ್ತದೆ.

ತಾಪಮಾನ ಅಳೆಯುವ ತಂತಿಜೋಡಿ, ಅಂದರೆ ಥರ್ಮೋಕಪಲ್ ಅನ್ನು ಗುಂಡುಗಳ ನಡುವಿನ ಸಂದಿಯಲ್ಲಿ ಸುಮ್ನೆ ತೂಗುಬಿಡಬೇಡಿ. ಅದು ಸುತ್ತಲಿನ ಎಲ್ಲ ಮೈಗಳಿಂದ ವಿಕಿರಣ ಪಡೆದು, ಅನಿಲದ್ದೂ ಅಲ್ಲದ, ಗುಂಡಿನದ್ದೂ ಅಲ್ಲದ ತಾಪಮಾನ ತೋರಿಸುತ್ತದೆ. ಗುಂಡಿಗೆ ತೂತು ಕೊರೆದು ಒಳಗೆ ಕೂರಿಸಿ. ತೆಳು ತಂತಿ ಬಳಸಿ, ಇಲ್ಲದಿದ್ದರೆ ತಂತಿಯೇ ಶಾಖವನ್ನು ಹೊರಗೆ ಒಯ್ಯುತ್ತದೆ.

ಇನ್ನು ಗೋಡೆ. ರಾಶಿಯ ನಡುವೆ ಖಾಲಿ ಜಾಗ ಸುಮಾರು ಶೇ. 40, ಗೋಡೆಗೆ ತಾಗಿದಲ್ಲಿ ಅದು ಶೇ. 100ರ ಹತ್ತಿರ. ಈ ಏರಿಳಿತ ಹಲವು ವ್ಯಾಸಗಳಷ್ಟು ಒಳಗಿನವರೆಗೂ ಇರುತ್ತದೆ. ನಡುವಿನ ಸಂಖ್ಯೆಯನ್ನು ಅಲ್ಲಿಗೂ ಹಾಕಿದರೆ ಮಾದರಿ ಎಡವುತ್ತದೆ. ಗೋಡೆಯ ಪದರದಲ್ಲಾದರೂ ಯಾವ ಗುಂಡು ಯಾವುದನ್ನು ಎಷ್ಟು 'ನೋಡುತ್ತದೆ' ಎಂದು ಒಂದೊಂದಾಗಿ ಲೆಕ್ಕ ಹಾಕಿ. ಇಡೀ ರಾಶಿಗೆ ಹಾಗೆ ಮಾಡಿದರೆ ಕಂಪ್ಯೂಟರ್‌ಗೆ ದಂಡದ ದುಡಿಮೆ.