ಹಸಿರು ಲೇಸರ್ ಒಳಗೆ ಹಸಿರೇ ಇಲ್ವಾ?

ಪ್ರಶ್ನೆ: ಶಿರಸಿ ಮಾರಿಕಾಂಬಾ ಜಾತ್ರೆಯಲ್ಲಿ ಮಗ ಹಟ ಹಿಡಿದು ಹಸಿರು ಲೇಸರ್ ಪೆನ್ ಕೊಡಿಸಿಕೊಂಡ. ಒಳಗೆ ಹುಟ್ಟುವುದು ಕಣ್ಣಿಗೆ ಕಾಣದ ಬೆಳಕು, ಒಂದು ಹರಳು ಅದನ್ನು ಹಸಿರು ಮಾಡುತ್ತದೆ ಅಂತಾರೆ. ಬಣ್ಣದ ಗಾಜು ಸೋಸುತ್ತದಲ್ಲ, ಹಾಗೆಯೇ ಅಲ್ವಾ?

ಉತ್ತರ: ಅಲ್ಲ. ಗಾಜು ಇರುವ ಬಣ್ಣಗಳಲ್ಲಿ ಕೆಲವನ್ನು ತಡೆಯುತ್ತದೆ, ಅಷ್ಟೇ. ಹರಳಾದರೋ ಮೊದಲು ಇಲ್ಲದಿದ್ದ ಬಣ್ಣವನ್ನೇ ಹುಟ್ಟಿಸುತ್ತದೆ. ಇಂಥ ಬಹಳಷ್ಟು ಪೆನ್ನುಗಳಲ್ಲಿ 1064 ನ್ಯಾನೋಮೀಟರ್ ಅಲೆಯುದ್ದದ, ಕಾಣದ ಬೆಳಕಿನ ಎರಡು ಫೋಟಾನ್‌ಗಳು (ಬೆಳಕಿನ ಕಣಗಳು) ಸೇರಿ 532 ನ್ಯಾನೋಮೀಟರಿನ ಒಂದು ಹಸಿರು ಫೋಟಾನ್ ಆಗುತ್ತವೆ. ಸೇರದೆ ಉಳಿದ ಕಾಣದ ಬೆಳಕನ್ನು ತಡೆಯುವ ಫಿಲ್ಟರ್ ಅಗ್ಗದ ಪೆನ್ನುಗಳಲ್ಲಿ ಎಷ್ಟೋ ಸಲ ಇರುವುದೇ ಇಲ್ಲ. ಕಾಣದ ಬೆಳಕಿಗೆ ಕಣ್ಣು ರೆಪ್ಪೆ ಮುಚ್ಚುವುದೂ ಇಲ್ಲ. ದಯವಿಟ್ಟು ಅದನ್ನು ಮಕ್ಕಳ ಕೈಗೆ ಕೊಡಬೇಡಿ.

ಯಕ್ಷಗಾನದ ಮೈಕ್‌ಸೆಟ್ ನೆನೆಸಿಕೊಳ್ಳಿ. ವಾಲ್ಯೂಮ್ ಹದವಾಗಿದ್ದರೆ ಭಾಗವತರ ದನಿ ಇದ್ದ ಹಾಗೇ ಕೇಳುತ್ತದೆ. ಜಾಸ್ತಿ ಏರಿಸಿದರೆ ದನಿ ಒಡೆಯುತ್ತದೆ, ಅವರ ಕೊರಳಲ್ಲಿ ಇಲ್ಲದ ಸ್ವರಗಳೂ ಸ್ಪೀಕರಿನಿಂದ ಬರುತ್ತವೆ. ಹರಳಿನ ಎಲೆಕ್ಟ್ರಾನ್‌ಗಳದ್ದೂ ಇದೇ ಕತೆ. ಬೆಳಕು ಮೆಲ್ಲಗೆ ಅಲುಗಿಸಿದರೆ ಅದೇ ಲಯದಲ್ಲಿ ಅಲುಗುತ್ತವೆ. ಜೋರಾಗಿ ಅಲುಗಿಸಿದರೆ ಎರಡು ಪಟ್ಟು ಕಂಪನದ, ಅಂದರೆ ಅರ್ಧ ಅಲೆಯುದ್ದದ ಬೆಳಕನ್ನೂ ಸೂಸುತ್ತವೆ. ಮಿಶಿಗನ್ ವಿಶ್ವವಿದ್ಯಾಲಯದ ಪೀಟರ್ ಫ್ರಾಂಕನ್ ತಂಡ ಇದನ್ನು 1961ರಲ್ಲಿ ತೋರಿಸಿಕೊಟ್ಟಿತು. ಮೊದಲ ಲೇಸರ್ ಬೆಳಗಿ ಆಗ ಒಂದೇ ವರ್ಷವಾಗಿತ್ತು.

ಜೋರು ಅಂದರೆ ಎಷ್ಟು? ಪ್ರಯೋಗಾಲಯದಲ್ಲಿ 1 ಮಿಲಿಜೂಲ್ ಶಕ್ತಿಯನ್ನು 100 ಫೆಮ್ಟೋಸೆಕೆಂಡಿನೊಳಗೆ, ಅಂದರೆ ಸೆಕೆಂಡನ್ನು ಹತ್ತು ಲಕ್ಷ ಕೋಟಿ ಪಾಲು ಮಾಡಿದರೆ ಅದರ ಒಂದು ಪಾಲಿನೊಳಗೆ ತುರುಕಬಹುದು. ಅಷ್ಟು ಹೊತ್ತಿನಲ್ಲಿ ಬೆಳಕೇ ಓಡುವುದು 0.03 ಮಿಲಿಮೀಟರ್. ಶಕ್ತಿ ತೀರಾ ಚಿಕ್ಕದು, ಆದರೆ ಆ ಕ್ಷಣದ ಪವರ್ ಸುಮಾರು 1000 ಕೋಟಿ ವಾಟ್. ನಮ್ಮ ಕೈಗಾದ ನಾಲ್ಕೂ ಘಟಕಗಳ ಸಾಮರ್ಥ್ಯ ಸೇರಿದರೆ 88 ಕೋಟಿ ವಾಟ್.

ನನಗೆ ತುಂಬ ಇಷ್ಟವಾದ ಭಾಗ ಇನ್ನು ಬರುತ್ತದೆ. ಬೆಳಕಿನ ಅಲೆಯನ್ನು ಸ್ಕ್ರೂವಿನ ಸುರುಳಿಯ ಹಾಗೆ ತಿರುಚಿ ಕಳಿಸಲೂ ಬರುತ್ತದೆ. ಅಂಥ ಕಿರಣ ಪರದೆಗೆ ಬಿದ್ದರೆ ನಡುವೆ ಕತ್ತಲು, ಸುತ್ತ ಬೆಳಕಿನ ಬಳೆ. 800 ನ್ಯಾನೋಮೀಟರಿನ ತಿರುಚಿದ ಲೇಸರ್ ಮಿಡಿತವನ್ನು ತೆಳ್ಳಗಿನ ಹರಳಿಗೆ ಹಾಯಿಸಿದರೆ 400 ನ್ಯಾನೋಮೀಟರಿನ ನೇರಳೆ ಬಳೆ ಸಿಗುತ್ತದೆ. ನೋಡಲು ಎರಡೂ ಬಳೆಗಳೇ. ಈಗ ಲೆನ್ಸೊಂದನ್ನು ಓರೆಯಾಗಿಸಿ ದಾರಿಯಲ್ಲಿಟ್ಟು, ಸರಿಯಾದ ದೂರದಲ್ಲಿ ಪರದೆ ಹಿಡಿದರೆ ಬಳೆ ಒಡೆದು ತುಂಡುಗಳ ಸಾಲಾಗುತ್ತದೆ. ನಡುವಿನ ಕಪ್ಪು ಗೆರೆ ಎಣಿಸಿದರೆ ತಿರುಚು ಎಷ್ಟೆಂದು ತಿಳಿಯುತ್ತದೆ. ಮೂಲ ಕಿರಣದಲ್ಲಿ ಒಂದು ಗೆರೆ ಇದ್ದರೆ ನೇರಳೆಯಲ್ಲಿ ಎರಡು. ಸೇರಿದ ಎರಡೂ ಫೋಟಾನ್‌ಗಳು ತಮ್ಮ ತಿರುಚನ್ನೂ ಜೊತೆಗೇ ತಂದಿರುತ್ತವೆ. ಬರೀ ಸೋಸಿದ್ದಾದರೆ ಈ ಲೆಕ್ಕ ಹೆಚ್ಚಲು ದಾರಿಯೇ ಇಲ್ಲ. ಮೂಲದಲ್ಲಿ ಮೂರು ಗೆರೆ ಇಟ್ಟು ನೋಡಿ, ನೇರಳೆಯಲ್ಲಿ ಆರು ಸಿಗುತ್ತವೆ.